ಹುಳು ಮನೆಗೆ ಬಂದ ಗೂಬೆ

ಆ ರಟ್ಟಿನ ಡಬ್ಬ ನಮ್ಮ ಅಂಗಡಿಗೆ ಬಂದ ದಿನ ಅಲ್ಲಿದ್ದವರು ಮೂವರು: ಮಾಲೀಕರಾದ ಪದ್ಮನಾಭಯ್ಯನವರು, ಟೈಪಿಂಗ್ ಕಲಿಸುತ್ತಿದ್ದ ಸರಸ್ವತಿ ಮೇಡಂ, ಮತ್ತು ನಾನು. ಚಿಕ್ಕಬಳ್ಳಾಪುರದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಠಿಕಾಣಿ. ಮೊದಲು ಅದು ಬರೀ ಟೈಪಿಂಗ್ ಶಾಲೆ. ಕಂಪ್ಯೂಟರಿನ ಗಾಳಿ ಬೀಸಿದ ಮೇಲೆ ಪದ್ಮನಾಭಯ್ಯನವರು ಅರ್ಧ ಕೋಣೆಯಲ್ಲಿ ಟೈಪ್‌ರೈಟರುಗಳನ್ನು ಉಳಿಸಿಕೊಂಡು, ಇನ್ನರ್ಧದಲ್ಲಿ ಕಂಪ್ಯೂಟರು ಮಾರುವ, ಮನೆಗೆ ಹೋಗಿ ಕೂಡಿಸಿಕೊಡುವ ವ್ಯಾಪಾರ ಇಟ್ಟಿದ್ದರು. ಕೂಡಿಸಿಕೊಡುವ ಆಸಾಮಿ ನಾನು.

ಬೆಂಗಳೂರಿನಿಂದ ಬಂದ ಆ ಡಬ್ಬವನ್ನು ಪದ್ಮನಾಭಯ್ಯನವರು ಬೀಗರ ಮನೆಯಿಂದ ಬಂದ ತಿಂಡಿ ಬುಟ್ಟಿ ಬಿಚ್ಚುವ ಸಡಗರದಲ್ಲಿ ಬಿಚ್ಚಿದರು. ಒಳಗೆ ಸಾಲಾಗಿ ಪುಟ್ಟ ಪೆಟ್ಟಿಗೆಗಳು. ಪ್ರತಿಯೊಂದರ ಮೇಲೂ ಕನ್ನಡಕ ಹಾಕಿಕೊಂಡು, ಭೂತಗನ್ನಡಿ ಹಿಡಿದು, ನಮ್ಮನ್ನೇ ದಿಟ್ಟಿಸಿ ನೋಡುವ ದಪ್ಪ ಕಣ್ಣಿನ ಗೂಬೆ.

ಸರಸ್ವತಿ ಮೇಡಂ ಮೆಲ್ಲಗೆ, "ಸಾರ್, ಇವತ್ತು ಶುಕ್ರವಾರ ಬೇರೆ" ಅಂದರು.

ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ಕೇಳುತ್ತೀರಿ, ಹುಡುಕುವುದಕ್ಕೂ ಒಂದು ಪೆಟ್ಟಿಗೆ ಕೊಳ್ಳಬೇಕಾಗಿತ್ತಾ ಅಂತ. ಕೊಳ್ಳಬೇಕಾಗಿತ್ತು. ಫೋನಿನ ತಂತಿಯ ಮೇಲೆ ಇಂಟರ್‌ನೆಟ್ಟು ಬರುತ್ತಿದ್ದ ಕಾಲ ಅದು. ಹುಡುಕುವ ತಾಣಗಳು ಬೇಕಾದಷ್ಟಿದ್ದವು, ಆದರೆ ಒಂದಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ಗೊತ್ತಿರುತ್ತಿರಲಿಲ್ಲ. ಒಂದನ್ನು ಮಾತ್ರ ಕೇಳಿ ಸುಮ್ಮನಾದರೆ, ಮದುವೆ ಮನೆಯಲ್ಲಿ ಒಬ್ಬರೇ ನೆಂಟರನ್ನು ವಿಚಾರಿಸಿ ಇಡೀ ವಂಶದ ಸುದ್ದಿ ತಿಳಿಯಿತು ಅಂದುಕೊಂಡ ಹಾಗೆ. ಈ ಪೆಟ್ಟಿಗೆಯ ಸಿ.ಡಿ.ಯಲ್ಲಿದ್ದ ತಂತ್ರಾಂಶ ನಿಮ್ಮ ಪ್ರಶ್ನೆಯನ್ನು ಎಲ್ಲ ತಾಣಗಳಿಗೂ ಒಟ್ಟಿಗೆ ಹಾಕಿ, ಬಂದ ಉತ್ತರಗಳನ್ನು ಕಂಪ್ಯೂಟರಿನೊಳಗೆ ಗುಡ್ಡೆ ಹಾಕಿ, ಫೋನು ಇಟ್ಟುಬಿಡುತ್ತಿತ್ತು. ಆಮೇಲೆ ನೀವು ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಓದಿಕೊಳ್ಳಬಹುದು. ನಿಜಕ್ಕೂ ಒಳ್ಳೆಯ ಸರಕು. ಆದರೆ ಮಾಡಿದವರ ದೇಶದಲ್ಲಿ ಗೂಬೆ ಅಂದರೆ ಜಾಣ ಹಕ್ಕಿ. ನಮ್ಮ ಕಡೆ ಗೂಬೆ ಹೊಕ್ಕ ಮನೆಯನ್ನು ಬೀಗ ಹಾಕಿ ಬಿಟ್ಟುಹೋಗುತ್ತಾರೆ.

ಪದ್ಮನಾಭಯ್ಯನವರು ಸೋಲುವ ಕುಳ ಅಲ್ಲ. ಪುಸ್ತಕದಂಗಡಿಯಿಂದ ಗಿಣಿಯ ಅಂಟುಚಿತ್ರಗಳನ್ನು ತರಿಸಿ, ನಮ್ಮಿಬ್ಬರ ಕೈಯಲ್ಲಿ ಪ್ರತಿ ಗೂಬೆಯ ಮೇಲೂ ಒಂದು ಗಿಣಿ ಅಂಟಿಸಿದರು. ಗಿಣಿ ಚಿಕ್ಕದು, ಗೂಬೆ ದೊಡ್ಡದು. ಎರಡು ಕಿವಿ ಮಾತ್ರ ಮೇಲೆ ಚಾಚಿಕೊಂಡಿದ್ದವು. ಗಿರಾಕಿಗಳ ಮುಂದೆ ಅದನ್ನು ಬರೀ 'ಪಕ್ಷಿ' ಅನ್ನಬೇಕು ಅಂತ ಅಪ್ಪಣೆಯಾಯಿತು. ಆದರೆ ತಂತ್ರಾಂಶ ಕೂಡಿಸಿ ಮುಗಿದ ಕೂಡಲೇ ಪರದೆಯ ಮೂಲೆಯಲ್ಲಿ ಅಸಲಿ ಗೂಬೆ ಬಂದು ಕೂತು, ಹುಡುಕುವಷ್ಟು ಹೊತ್ತೂ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಅದಕ್ಕೆ ಗಿಣಿ ಅಂಟಿಸುವುದು ಹೇಗೆ?

ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಅನ್ನುವ ಪುರಾಣ ಇಲ್ಲಿ ಹೇಳುವುದಿಲ್ಲ. ಜೇಬಿನ ಕಾರ್ಡಿನ ಮೇಲೆ ಹೆಸರಿನ ಕೆಳಗಿನ ಅಕ್ಷರ ಬದಲಾಗುತ್ತಿತ್ತು, ಹೋಗುವ ಬಸ್ಸು ಮಾತ್ರ ಅದೇ. ಕಲಿತದ್ದೆಲ್ಲ ಗಿರಾಕಿಗಳ ಮನೆಯಲ್ಲೇ.

ಗೌರಿಬಿದನೂರಿನಲ್ಲಿ ನಿವೃತ್ತ ಹೆಡ್ಮಾಸ್ತರರೊಬ್ಬರಿದ್ದರು. ಪಕ್ಷಿ ಏನು ಕೇಳಿದರೂ ಬರೀ ಆಸ್ಪತ್ರೆಗಳನ್ನೇ ತೋರಿಸುತ್ತದೆ ಅಂತ ಅವರ ದೂರು. ಹೋಗಿ ನೋಡಿದರೆ ಮಹಾನುಭಾವರು ಪ್ರಶ್ನೆಯನ್ನು ಕಾಗದ ಬರೆಯುವ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಮೊದಲು ನಾವಿಲ್ಲಿ ಕ್ಷೇಮ, ಆಮೇಲೆ ತಮ್ಮ ಆರೋಗ್ಯ ಹೇಗಿದೆ, ಮನೆಮಂದಿಯ ಆರೋಗ್ಯ ಹೇಗಿದೆ, ಕೊನೆಗೆ ವಿಷಯ. ಗೂಬೆ ಪಾಪ, ಇಷ್ಟೊಂದು ಆರೋಗ್ಯ ನೋಡಿ ಊರೂರಿನ ಆಸ್ಪತ್ರೆ ಹುಡುಕಿ ತಂದು ಸುರಿಯುತ್ತಿತ್ತು. ಬರೀ ವಿಷಯ ಬರೆದರೆ ಸಾಕು ಸಾರ್ ಅಂದೆ. ಅವರಿಗೆ ಸರಿಬರಲಿಲ್ಲ. ಗುರುತಿಲ್ಲದವರ ಮನೆ ಬಾಗಿಲಿಗೆ ಹೋಗಿ, ಹೇಗಿದ್ದೀರಿ ಅಂತಲೂ ಕೇಳದೆ ಕೆಲಸ ಹೇಳುವುದು ತಮಗೆ ಸಾಧ್ಯವಿಲ್ಲ ಅಂದರು. ಕೊನೆಗೆ ಒಪ್ಪಂದ ಆಯಿತು: ಕುಶಲವನ್ನು ಬಾಯಲ್ಲಿ ಕೇಳುವುದು, ವಿಷಯವನ್ನು ಕೈಯಲ್ಲಿ ಬರೆಯುವುದು. ಹಾಗೇ ಮಾಡಿದರು. ಪರದೆಗೆ ಕೈಮುಗಿದು, "ಚೆನ್ನಾಗಿದ್ದೀಯೇನಪ್ಪ" ಅಂದು, ಆಮೇಲೆ ಕೀಲಿಗೆ ಬೆರಳಿಡುತ್ತಿದ್ದರು.

ತೊಂಡೇಬಾವಿಯ ಗೊಬ್ಬರದಂಗಡಿಯವರದು ಇನ್ನೊಂದು ಬಗೆ. ಅವರ ಫೋನಿನ ತಂತಿ ಬೇವಿನ ಮರವೊಂದರ ಕೊಂಬೆಯೊಳಗೆ ಹಾದುಬಂದು, ನಡುವೆ ಒಂದು ಕಡೆ ಬರೀ ಸುತ್ತಿ ಜೋಡಿಸಿದ್ದು. ರೈಲು ಬಂದಾಗಲೆಲ್ಲ ನೆಲ ಅದುರಿ, ಮರ ಅದುರಿ, ಜೋಡಣೆ ಅದುರಿ, ಹುಡುಕಾಟ ನಡುನೀರಿನಲ್ಲಿ ಕಡಿದುಹೋಗುತ್ತಿತ್ತು. ಕಾರಣ ಗೊತ್ತಾಗುವ ತನಕ ನಾನು ತಂತ್ರಾಂಶವನ್ನು ಎಷ್ಟು ಸಲ ತೆಗೆದು ಹಾಕಿದೆನೋ. ಅವರಿಗೇನೂ ಬೇಸರವಿರಲಿಲ್ಲ. ಪ್ಯಾಸೆಂಜರ್ ಗಾಡಿ ಹೋಗಲಿ, ಆಮೇಲೆ ಕೇಳೋಣ ಅಂತ ಕಾಲು ಚಾಚಿ ಕೂರುತ್ತಿದ್ದರು. ಚಿಂತಾಮಣಿಯ ಟೊಮೆಟೊ ಮಂಡಿಯ ಯಜಮಾನರಂತೂ ಇಂಗ್ಲಿಷ್ ಅಕ್ಷರದಲ್ಲಿ ತೆಲುಗು ಬರೆದು ರೇಟು ಕೇಳಿ, ಉತ್ತರ ಬಾರದ್ದಕ್ಕೆ ನನ್ನ ಕಡೆ ತಿರುಗಿ, "ಏಮಯ್ಯಾ, ನೀ ಗೂಬಕಿ ತೆಲುಗು ರಾದಾ?" ಅಂತ ಛೇಡಿಸಿದರು. ಗೂಬೆಗೂ ತೆಲುಗು ಕಲಿಸ್ತೀವಿ ಸಾಮಿ ಅಂದು ಬಸ್ಸು ಹತ್ತಿದೆ. ಪೆಟ್ಟಿಗೆಯ ಮೇಲೆ ಗಿಣಿ ಇದ್ದರೂ ಅವರು ಗೂಬೆ ಅಂದದ್ದನ್ನು ಪದ್ಮನಾಭಯ್ಯನವರಿಗೆ ಹೇಳಲಿಲ್ಲ.

ಇಷ್ಟೆಲ್ಲ ನಗುವಿನ ನಡುವೆ ಒಂದು ಮನೆಯಲ್ಲಿ ಮಾತ್ರ ನಾನು ನಿಜಕ್ಕೂ ಹೆದರಿದ್ದೆ. ಅದು ಜಂಗಮಕೋಟೆಯ ಮನೆ.

ಆ ಮನೆಯಲ್ಲಿ ರೇಷ್ಮೆ ಹುಳು ಸಾಕುವ ದೊಡ್ಡ ಕೈ ರತ್ನಮ್ಮನವರದು. ಅವರ ಮೈದುನ ನಂಜುಂಡಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಂಪ್ಯೂಟರು ಕೊಂಡವರು ಅವರೇ. ಅತ್ತೆ ಅಕ್ಕಯ್ಯಮ್ಮ ಮನೆಗೆ ಹಿರಿಯರು. ಅವರ ಮಾತಿಗೆ ಎದುರು ಮಾತಿಲ್ಲ, ಇದ್ದರೂ ಕೇಳಿಸುವುದಿಲ್ಲ. ರತ್ನಮ್ಮನವರ ಯಜಮಾನರು ಹೊಲ, ಹಸು, ಡೇರಿ ಅಂತ ಹೊರಗೇ ಇರುವವರು.

ಕಂಪ್ಯೂಟರು ಎಲ್ಲಿಡಬೇಕು ಅನ್ನುವುದು ಮೊದಲ ಪ್ರಶ್ನೆ. ನಮ್ಮ ಪದ್ಮನಾಭಯ್ಯನವರಿಗೆ ಟೈಪ್‌ರೈಟರಿನ ಕಾಲದಿಂದಲೂ ಧೂಳು ಅಂದರೆ ಜನ್ಮವೈರಿ. ಮಾರಿದ ಪ್ರತಿ ಕಂಪ್ಯೂಟರಿನ ಜೊತೆಗೂ 'ಧೂಳೇ ಶತ್ರು' ಅಂತ ದಪ್ಪಕ್ಷರದಲ್ಲಿ ಶುರುವಾಗುವ ಒಂದು ಹಾಳೆ ಕೊಡುತ್ತಿದ್ದರು. ನಂಜುಂಡಪ್ಪ ಅದನ್ನು ಪಾಠದ ಹಾಗೆ ಬಾಯಿಪಾಠ ಮಾಡಿದ್ದರು. ಹಳೇ ಮನೆಯ ಹೆಂಚಿನಿಂದ ಮಣ್ಣು ಉದುರುತ್ತದೆ, ಇಲಿಗಳೂ ಉಂಟು. ಧೂಳಿಲ್ಲದ ಜಾಗ ಅಂದರೆ ಪಕ್ಕದಲ್ಲಿ ಹೊಸದಾಗಿ ಕಟ್ಟಿಸಿದ್ದ ಹುಳು ಮನೆ. ಹುಳು ಸಾಕುವುದಕ್ಕೆಂದೇ ಕಟ್ಟಿಸಿದ ಉದ್ದನೆಯ ಕೋಣೆ. ಸಿಮೆಂಟು ನೆಲ, ಕಿಟಕಿಗಳಿಗೆ, ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಬಲೆ. ಒಂದು ಮೂಲೆ ಬಿಟ್ಟುಕೊಡಲು ರತ್ನಮ್ಮ ಒಪ್ಪಿದರು, ಆದರೆ ಹುಳು ಮನೆಯ ಕಟ್ಟಳೆ ಕಂಪ್ಯೂಟರಿಗೂ ಉಂಟು ಅಂದರು. ಬಲೆಯಲ್ಲೂ ಧೂಳು ನುಗ್ಗುತ್ತದಲ್ಲ ಅಂತ ನಂಜುಂಡಪ್ಪ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊಡೆದು, ಅಂಚಿಗೆ ಟೇಪು ಅಂಟಿಸಿ, ಗಾಳಿ ತೂರದ ಹಾಗೆ ಮಾಡಿಬಿಟ್ಟರು.

ಕಟ್ಟಳೆ ಏನು ಅಂತ ನನಗೆ ಬಾಗಿಲಲ್ಲೇ ತಿಳಿಯಿತು. ಹುಳು ಮನೆಗೆ ಹೊರಗಿನವರು ರೋಗ ತರುತ್ತಾರೆ. ಅದಕ್ಕೆ ಸ್ನಾನ ಮಾಡಿ, ಮನೆಯವರ ಮಡಿ ಪಂಚೆ ಉಟ್ಟು, ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕಾಲದ್ದಿ ಒಳಗೆ ಹೋಗಬೇಕು. ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ನಂಜುಂಡಪ್ಪನವರ ಪಂಚೆ ಉಟ್ಟು, ಬರಿಮೈಯಲ್ಲಿ ಚೀಲ ಹಿಡಿದು ಬಂದೆ. ರತ್ನಮ್ಮ ಚೀಲ ಈಸಿಕೊಂಡು ಸ್ಕ್ರೂಡ್ರೈವರು, ಇಕ್ಕಳ ಎಲ್ಲವನ್ನೂ ಬಕೆಟ್ಟಿಗೆ ಹಾಕಿದರು. ಅದರ ಹಿಂದೆಯೇ ಗೂಬೆ ತಂತ್ರಾಂಶದ ಸಿ.ಡಿ.ಯೂ ಮುಳುಗಿತು.

"ಅಮ್ಮ, ಅದು ನೀರಿಗೆ ಹಾಕೋದಲ್ಲ" ಅಂದೆ.

"ಹುಳು ಮನೆಗೆ ಹೋಗೋದ್ರಲ್ಲಿ ಸೊಪ್ಪು ಬಿಟ್ಟು ಮಿಕ್ಕಿದ್ದೆಲ್ಲ ಇದ್ರಲ್ಲಿ ಅದ್ಲೇಬೇಕು ಕಣಣ್ಣ. ನೀವು ಅದ್ಲಿಲ್ವಾ?"

ಸಿ.ಡಿ.ಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. ಆಶ್ಚರ್ಯ ಅಂದರೆ ಅದು ಸೊಗಸಾಗಿ ಓಡಿತು. ಮೋಡೆಮ್ಮನ್ನು ಮಾತ್ರ ನಾನು ತುಂಬಿದ ಹೊಳೆ ದಾಟುವವನು ಕೂಸನ್ನು ಎತ್ತಿಹಿಡಿದ ಹಾಗೆ ತಲೆಯ ಮೇಲೆ ಹಿಡಿದು ಒಳಗೆ ಸೇರಿಸಿದೆ. ಮೋಡೆಮ್ ಅಂದರೆ ಫೋನಿನ ತಂತಿಗೂ ಕಂಪ್ಯೂಟರಿಗೂ ನಡುವೆ ಕೂತು ಕಿಂಯ್ ಕೊಂಯ್ ಅನ್ನುವ ಚಪ್ಪಟೆ ಡಬ್ಬಿ. ಇಂಟರ್‌ನೆಟ್ಟೆಲ್ಲ ಅದರೊಳಗಿಂದಲೇ ಬರಬೇಕು.

ಆ ಮನೆಯಿಂದ ಮೊದಲ ಫೋನು ಬಂದದ್ದು ಬೇಸಗೆಯಲ್ಲಿ. ಫೋನಲ್ಲ, ಹಾಲಿನ ಗಾಡಿಯಲ್ಲಿ ಹೇಳಿಕಳಿಸಿದ್ದರು. ಫೋನು ಬೆಳಗಿನಿಂದ ಕೆಲಸ ಮಾಡುತ್ತಿಲ್ಲ ಅಂತ. ಹೋಗಿ, ಮಿಂದು, ಒಳಗೆ ಕಾಲಿಟ್ಟರೆ ಗೂಬೆ ಕಣ್ಣು ಅರ್ಧ ಮುಚ್ಚಿ ನಿಂತುಬಿಟ್ಟಿದೆ. ತಂತ್ರಾಂಶ ಸಿಕ್ಕಿಹಾಕಿಕೊಂಡು ಫೋನಿನ ತಂತಿಯನ್ನು ಹಿಡಿದೇ ಕೂತಿತ್ತು. ಯಾಕೆ ಯಾರೂ ಮುಟ್ಟಲಿಲ್ಲ ಅಂತ ಕೇಳಿದೆ. ರತ್ನಮ್ಮ ದನಿ ತಗ್ಗಿಸಿ, ಜ್ವರಕ್ಕೆ ಕೂತಿದೆ ಅಂದರು. ಹುಳು ಚರ್ಮ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಅವರ ಮಾತಿನಲ್ಲಿ ಜ್ವರ. ಆಗ ಮುಟ್ಟಿದರೆ ಹುಳು ಸಾಯುತ್ತದೆ. ಗೂಬೆಯೂ ಹಾಗೇ ಕೂತಿದ್ದನ್ನು ನೋಡಿ, ಯಾರೂ ಹತ್ತಿರ ಸುಳಿಯಬಾರದು ಅಂತ ಕಟ್ಟಪ್ಪಣೆ ಮಾಡಿದ್ದರು. ನಾನು ಸ್ವಿಚ್ಚು ಆರಿಸಿ ಮತ್ತೆ ಹಾಕಿದಾಗ ಅವರು ಕಣ್ಣು ಮುಚ್ಚಿಕೊಂಡರು.

ಆ ಬೇಸಗೆ ಬೆಳೆ ಚೆನ್ನಾಗಿ ಬಂತು. ಪ್ಲಾಸ್ಟಿಕ್ ಹೊಡೆದ ಕೋಣೆಯೊಳಗೆ ಗೋಣಿತಟ್ಟು ನೆನೆಸಿ ಹಾಕಿದರೆ ತಂಪು ಹೊರಗೆ ಹೋಗುತ್ತಿರಲಿಲ್ಲ, ಹುಳುಗಳಿಗೆ ಹಿತವಾಗಿತ್ತು. ಎಲ್ಲ ಅದರ ಕಾಲ್ಗುಣ ಅಂತ ಅಕ್ಕಯ್ಯಮ್ಮನಿಗೂ ಮೂಲೆಯ ಡಬ್ಬದ ಮೇಲೆ ಪ್ರೀತಿ ಹುಟ್ಟಿತು. ಪರದೆ ಕಡೆ ಅವರು ತಿರುಗಿಯೂ ನೋಡಿರಲಿಲ್ಲ.

ಮಳೆಗಾಲದ ಬೆಳೆಗೆ ಬಂತು ನೋಡಿ ಆಪತ್ತು.

ಜಡಿಮಳೆ ಹಿಡಿದಿತ್ತು. ಹುಳು ಹಣ್ಣಾಗಿದ್ದವು, ಎಂದರೆ ತಿನ್ನುವುದು ಬಿಟ್ಟು, ಮೈ ಹೊಳೆದು, ಗೂಡು ಕಟ್ಟಲು ಸಿದ್ಧವಾಗಿದ್ದವು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುತ್ತಿದ ಚಂದ್ರಿಕೆಗಳಿಗೆ ಅವನ್ನು ಬಿಟ್ಟು, ಚಂದ್ರಿಕೆಗಳನ್ನು ಹೊರಗಿನ ಚಪ್ಪರದಲ್ಲಿ ನಿಲ್ಲಿಸುವುದು ವಾಡಿಕೆ. ಮಳೆಯಾದ್ದರಿಂದ ಒಳಗೇ ಪೇರಿಸಿದ್ದರು. ಮಾರನೆ ಬೆಳಗ್ಗೆ ನೋಡಿದರೆ ಹುಳುಗಳು ಗೂಡಿನ ಗೊಡವೆಗೇ ಹೋಗದೆ ಚಂದ್ರಿಕೆಯ ಅಂಚಿನ ಮೇಲೆ ಸುಮ್ಮನೆ ಅಲೆಯುತ್ತಿವೆ. ಹಣ್ಣಾದ ಹುಳು ಹೆಚ್ಚು ಕಾಯುವುದಿಲ್ಲ. ಬೇಗ ಕಟ್ಟದಿದ್ದರೆ ಸುಸ್ತಾಗಿ ಕೊಳೆಯುತ್ತದೆ, ಅಷ್ಟೂ ದಿನ ಸೊಪ್ಪು ಹಾಕಿದ ಶ್ರಮ ತಿಪ್ಪೆಗೆ ಹೋಗುತ್ತದೆ. ರತ್ನಮ್ಮನವರಿಗೆ ಮೊದಲು ಬಂದ ಅನುಮಾನ ಯಾರದೋ ಹೊಲದ ಔಷಧಿ ಸೊಪ್ಪಿಗೆ ತಾಗಿರಬೇಕು ಅಂತ. ಶಿಡ್ಲಘಟ್ಟದ ರೇಷ್ಮೆ ಅಧಿಕಾರಿ ಅಂದು ಮೀಟಿಂಗಿಗೆ ಹೋಗಿದ್ದರು. ಪಕ್ಷಿಯನ್ನೇ ಕೇಳೋಣ ಅಂತ ನಂಜುಂಡಪ್ಪ ಕೂತರೆ ಮೋಡೆಮ್ ಉಸಿರೇ ಬಿಡಲಿಲ್ಲ. ಅಂಗಡಿಗೆ ಫೋನು ಬಂತು.

ಬಸ್ಸಿಳಿದು ಹೋದಾಗ ಜಗಲಿಯಲ್ಲೇ ಅಕ್ಕಯ್ಯಮ್ಮ ಕೂತಿದ್ದರು. ಆ ಬೆಳಗ್ಗೆಯೇ, ಮಗ ನಂಜುಂಡಪ್ಪನ ಹಿಂದೆ ನಿಂತು, ಅವರು ಮೊದಲ ಸಲ ಪರದೆಯನ್ನು ನೋಡಿದ್ದರು.

"ಬಾರಪ್ಪ ಕೇಶವ," ಅಂದರು. ಹಾಗೆ ಹೆಸರು ಹಿಡಿದು ಕರೆದದ್ದು ಪ್ರೀತಿಯಿಂದಲ್ಲ. "ಗೂಬೆ ತಾನಾಗಿ ಬಂದ್ರೆ ಜನ ಮನೆ ಬಿಟ್ಟು ಓಡೋಗ್ತಾರೆ. ನಾವು ದುಡ್ಡು ಕೊಟ್ಟು ಕರ್ಕೊಂಡು ಬಂದಿದೀವಿ. ಹುಳು ಹೆಂಗೆ ಗೂಡು ಕಟ್ತವೆ ಹೇಳು?"

ನಾನು ತೊದಲಿದೆ. ಅದು ಬರೀ ಚಿತ್ರ ಅಂದೆ. ದೇವರದೂ ಬರೀ ಚಿತ್ರವೇ, ಯಾಕೆ ಕೈಮುಗೀತೀಯ ಅಂತ ಕೇಳಿದರು. ಹುಳು ಗೂಡು ಕಟ್ಟದೇ ಹೋದರೆ ಆ ಡಬ್ಬವನ್ನು ತಾವೇ ಹೊತ್ತು ಕೆರೆಗೆ ಹಾಕುವುದಾಗಿ ಹೇಳಿದರು. ರತ್ನಮ್ಮನವರ ಕಣ್ಣು ಊದಿಕೊಂಡಿತ್ತು. ನನಗೆ ಸ್ನಾನಕ್ಕೆ ನೀರು ತೋರಿಸಿ, "ಅದೇನಾದ್ರೂ ಹೇಳೋದಿದ್ರೆ ಇವತ್ತೇ ಹೇಳ್ಲಿ ಕಣಣ್ಣ. ನಾಳೆ ಹೇಳಿದ್ರೆ ಕೇಳೋಕೆ ಹುಳ ಇರಲ್ಲ" ಅಂದರು.

ಮಳೆಯಲ್ಲಿ ನೆನೆದವನಿಗೆ ಮತ್ತೆ ಸ್ನಾನ. ನಡುಗುತ್ತಾ ಒಳಗೆ ಹೋದೆ. ಬಾಗಿಲು ತೆಗೆದ ಕೂಡಲೇ ಅನ್ನದ ಚರಿಗೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಬಡಿಯಿತು. ಮೋಡೆಮ್ಮಿನ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ನೀರಿನ ಹನಿಗಳು, ಮುಂಜಾನೆಯ ಸೊಪ್ಪಿನ ಮೇಲೆ ಇರುತ್ತದಲ್ಲ, ಹಾಗೆ. ಏನಾಗಿದೆ ಅಂತ ರತ್ನಮ್ಮ ಇಣುಕಿದರು. ಉಸಿರಾಡೋಕೆ ಜಾಗ ಇಲ್ಲದೆ ಬೆವೆತಿದೆ ಅಂದೆ. ಒಣಗಿಸಬೇಕಿತ್ತು. ಚಳಿಗಾಲದಲ್ಲಿ ಹುಳುಗಳಿಗೆ ಶಾಖ ಕೊಡುವ ಇದ್ದಿಲ ಒಲೆಯನ್ನು ಹಳೇ ಮನೆಯ ಪಡಸಾಲೆಯಲ್ಲಿ ಹೊತ್ತಿಸಿದರು. ಮೋಡೆಮ್ಮನ್ನು ಮೊರದ ಮೇಲಿಟ್ಟು, ಹಪ್ಪಳ ಸುಡುವ ನಾಜೂಕಿನಲ್ಲಿ ಈ ಕಡೆ ಆ ಕಡೆ ತಿರುಗಿಸಿ ಒಣಗಿಸಿದೆವು. ಕಂಪ್ಯೂಟರಿನ ಶಾಲೆಗಳಲ್ಲಿ ಈ ಪಾಠ ಇಂದಿಗೂ ಇಲ್ಲ ಅಂತ ಕಾಣುತ್ತದೆ.

ಮತ್ತೆ ಜೋಡಿಸಿದಾಗ ಅದು ಕಿಂಯ್ ಅಂದಿತು. ಅಷ್ಟು ಕೆಟ್ಟ ದನಿ ಅಷ್ಟು ಇಂಪಾಗಿ ನನಗೆ ಇನ್ನೆಂದೂ ಕೇಳಿಸಿಲ್ಲ.

ನಂಜುಂಡಪ್ಪ ಪ್ರಶ್ನೆ ಬರೆದರು. ಲೆಕ್ಕದ ಮೇಷ್ಟ್ರು, ನೇರ ಮನುಷ್ಯ. ರೇಷ್ಮೆ ಹುಳು ಮನೆ ಕಟ್ಟುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಗೂಬೆ ಕಣ್ಣು ಬಿಟ್ಟಿತು, ಮುಚ್ಚಿತು, ಗುಡ್ಡೆ ತಂದಿತು. ಅದರಲ್ಲಿ ಮನೆ ಕಟ್ಟುವ ಮೇಸ್ತ್ರಿಗಳಿದ್ದರು, ಸೀರೆ ಅಂಗಡಿಗಳಿದ್ದವು, ಮೀನಿನ ಗಾಳಕ್ಕೆ ಹುಳು ಸಿಕ್ಕಿಸುವ ವಿಧಾನವಿತ್ತು. ಗೂಬೆ ಗಾಳದ ಹುಳುವಿನ ಚಿತ್ರ ತೋರಿಸಿದಾಗ ರತ್ನಮ್ಮ ಮುಖ ತಿರುಗಿಸಿಕೊಂಡರು. ನಾನು ಹೇಳಿದೆ, ಹಿಪ್ಪುನೇರಳೆ ಅನ್ನುವ ಮಾತು ಸೇರಿಸಿ, ಮನೆ ಅನ್ನೋದು ತೆಗೆದು ರೇಷ್ಮೆ ಗೂಡಿಗೆ ಇಂಗ್ಲಿಷಿನಲ್ಲಿರುವ ಮಾತೇ ಹಾಕಿ. ಗೂಬೆ ಮತ್ತೆ ಹೊರಟಿತು. ಈ ಸಲ ಒಂದು ಪುಟ ಸಿಕ್ಕಿತು. ತಲೆಯಲ್ಲಿ ಒಂದು ಚಿತ್ರ. ಅದು ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಮೊದಲು ಬಿದಿರು, ಆಮೇಲೆ ಸುರುಳಿ. ನಮ್ಮದೇ ಚಂದ್ರಿಕೆ ಅಂತ ಮೂವರೂ ಒಟ್ಟಿಗೆ ಅಂದೆವು. ಇನ್ನೇನು ಅಕ್ಷರ ಬರಬೇಕು, ಅಷ್ಟರಲ್ಲಿ ಎಲ್ಲ ನಿಂತುಹೋಯಿತು.

ನಾನು ಒಂದೇ ನೆಗೆತಕ್ಕೆ ಹಳೇ ಮನೆಗೆ ಓಡಿದೆ. ಇಂಟರ್‌ನೆಟ್ಟಿಗೂ ಮಾತಿಗೂ ಒಂದೇ ತಂತಿ, ಯಾರಾದರೂ ಫೋನು ಎತ್ತಿದರೆ ಹುಡುಕಾಟ ಕಡಿಯುತ್ತಿತ್ತು. ಊಹಿಸಿದಂತೆಯೇ ಇತ್ತು. ಅಕ್ಕಯ್ಯಮ್ಮ ಪಡಸಾಲೆಯ ಫೋನು ಎತ್ತಿ, ಕೆಂಚಾರ್ಲಹಳ್ಳಿಯಲ್ಲಿದ್ದ ಮಗಳಿಗೆ ಗೂಬೆಯ ವಿಷಯ ಹೇಳಲು ನಂಬರು ಒತ್ತುತ್ತಿದ್ದರು. ಫೋನಿನೊಳಗೆ ಯಾರೋ ಕಿರುಚಿದರು ಅಂತ ನನಗೇ ದೂರು ಕೊಟ್ಟರು. ಅಜ್ಜಿ, ಅದು ಗೂಬೆ ಕಣಜ್ಜಿ, ನಿಮ್ಮ ಸೊಸೆಗೋಸ್ಕರ ಕೂಗ್ತಾ ಇದೆ, ಸ್ವಲ್ಪ ಹೊತ್ತು ಬಿಟ್ಟುಬಿಡಿ ಅಂತ ಕೈಮುಗಿದೆ. ನನ್ನ ಹಿಂದೆಯೇ ಬಂದ ರತ್ನಮ್ಮ ಫೋನಿನ ಮೇಲೆ ಸೊಪ್ಪಿನ ಬುಟ್ಟಿ ಕವುಚಿ, ಅದರ ಮೇಲೆ ರುಬ್ಬುವ ಗುಂಡು ಇಟ್ಟು, ಅತ್ತೆಯ ಮುಖವನ್ನೂ ನೋಡದೆ ಹೊರಟರು. ಆ ಮನೆಯಲ್ಲಿ ಅಂಥದ್ದು ಅದೇ ಮೊದಲಂತೆ. ಅಕ್ಕಯ್ಯಮ್ಮ ಬೆರಗಾಗಿ ಬುಟ್ಟಿಯನ್ನೇ ನೋಡುತ್ತಾ ನಿಂತರು. ಆಮೇಲೆ ಅವರೂ ಕಾಲದ್ದಿಕೊಂಡು ನಮ್ಮ ಹಿಂದೆ ಬಂದರು.

ಮತ್ತೆ ಬಿದಿರು, ಮತ್ತೆ ಸುರುಳಿ, ಕೊನೆಗೆ ಅಕ್ಷರ. ನಂಜುಂಡಪ್ಪ ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. ಹಣ್ಣಾದ ಹುಳು ಗೂಡು ಕಟ್ಟದಿರಲು ಕಾರಣಗಳು. ಔಷಧಿ ತಾಗಿದ ಸೊಪ್ಪು ಅಂದರು. ರತ್ನಮ್ಮ ತುಟಿ ಕಚ್ಚಿದರು. ಹಾಗಾಗಿದ್ದರೆ ಹುಳು ತಲೆ ಅಲ್ಲಾಡಿಸಿ ಹಸಿರು ಕಾರಿಕೊಳ್ಳುತ್ತದೆ ಅಂದರು. ಅಕ್ಕಯ್ಯಮ್ಮ ಇಲ್ಲ, ನಮ್ಮವು ಕಾರಿಲ್ಲ ಅಂದರು. ಆಮೇಲೆ ಮೇಷ್ಟ್ರು ನಿಧಾನಿಸಿದರು. "ತೇವ ಹೆಚ್ಚಾಗಿ, ಗಾಳಿ ಆಡದ ಕಡೆ ಇಟ್ರೆ ಹುಳು ನೂಲು ಬಿಡದೆ ಅಂಚಿಗೆ ಬಂದು ಅಲೆಯುತ್ತೆ ಅಂತ ಬರೆದಿದೆ ಅತ್ತಿಗೆ."

ರತ್ನಮ್ಮ ಪರದೆಯನ್ನು ನೋಡುತ್ತಿರಲಿಲ್ಲ. ಬಿಚ್ಚಿಟ್ಟಿದ್ದ ಮೋಡೆಮ್ಮಿನ ಮುಚ್ಚಳವನ್ನು ನೋಡಿದರು. ಅಂಚಿನ ಮೇಲೆ ಅಲೆಯುತ್ತಿದ್ದ ಹುಳುಗಳನ್ನು ನೋಡಿದರು. ಆಮೇಲೆ ಕಿಟಕಿಗೆ ಹೊಡೆದ ಪ್ಲಾಸ್ಟಿಕ್ಕನ್ನು ನೋಡಿದರು. ಅದರ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಸೊಪ್ಪು ಕೊಯ್ಯುವ ಕುಡುಗೋಲು ತೆಗೆದುಕೊಂಡು ಒಂದೇ ಎಳೆತಕ್ಕೆ ಅದನ್ನು ಸೀಳಿದರು. ತಣ್ಣನೆಯ ಗಾಳಿ ಒಳಗೆ ನುಗ್ಗಿತು.

"ಧೂಳು ಬರುತ್ತೆ ಅತ್ತಿಗೆ" ಅಂದರು ನಂಜುಂಡಪ್ಪ. ಪಾಠ ಅಷ್ಟು ಗಟ್ಟಿಯಾಗಿ ಕಲಿತಿದ್ದರು.

"ನಿನ್ನ ಧೂಳಿನ ಮನೆ ಹಾಳಾಗ. ಎತ್ತೋ ಆ ಡಬ್ಬಾನ" ಅಂದರು ರತ್ನಮ್ಮ.

ಆಮೇಲೆ ನಡೆದದ್ದು ಒಂದು ಹಬ್ಬವೇ. ಮೇಷ್ಟ್ರು ಪರದೆ ಹೊತ್ತರು, ನಾನು ಮಿಕ್ಕ ಡಬ್ಬಗಳನ್ನು ಹೊತ್ತೆ, ರತ್ನಮ್ಮ ಕಿಟಕಿಯಿಂದ ಕಿಟಕಿಗೆ ಹೋಗಿ ಪ್ಲಾಸ್ಟಿಕ್ ಹರಿದರು. ಅಕ್ಕಯ್ಯಮ್ಮ ಗೋಣಿತಟ್ಟುಗಳನ್ನು ಎಳೆದು ಹೊರಗೆಸೆದರು. ಹೊಲದಿಂದ ಬಂದ ಯಜಮಾನರು ಒದ್ದೆ ತಲೆಯಲ್ಲೇ ನಿಂತು, ಕಳ್ಳರು ನುಗ್ಗಿದ್ದಾರೋ ಅಂತ ಕೇಳಿದರು. ಅವರ ಕೈಗೂ ಒಂದು ಚಂದ್ರಿಕೆ ಹೋಯಿತು. ಚಂದ್ರಿಕೆಗಳನ್ನು ಬಿಡಿಬಿಡಿಯಾಗಿ ಗಾಳಿಗೆ ಎದುರು ನಿಲ್ಲಿಸಿ, ಬಾಗಿಲ ಬಳಿ ಇದ್ದಿಲ ಒಲೆ ಇಟ್ಟೆವು. ನನ್ನ ಪಂಚೆ ಕಿಟಕಿಯ ಮೊಳೆಗೆ ಸಿಕ್ಕಿ ಮೊಳಕಾಲಿನವರೆಗೆ ಹರಿಯಿತು. ಯಾರೂ ನಗಲಿಲ್ಲ, ಆಗ.

ಕೆಲಸ ಮುಗಿದ ಮೇಲೆ ಎಲ್ಲರೂ ಚಂದ್ರಿಕೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತೆವು. ನನ್ನ ಬಸ್ಸು ಹೋಯಿತು, ನಾನು ಏಳಲಿಲ್ಲ. ಇನ್ನೊಂದು ಬಸ್ಸೂ ಹೋಯಿತು. ಮೊದಲು ಕಂಡವರು ಅಕ್ಕಯ್ಯಮ್ಮ. ಅಂಚಿನಲ್ಲಿದ್ದ ಒಂದು ಹುಳು ಸುರುಳಿಯ ಸಂದಿಗೆ ಇಳಿದು, ತಲೆಯನ್ನು ಅತ್ತ ಇತ್ತ ಆಡಿಸುತ್ತಿತ್ತು. ಬಾಯಿಂದ ಹೊರಟ ನೂಲು ಬೆಳಕಿಗೆ ಮಾತ್ರ ಕಾಣುವಷ್ಟು ತೆಳ್ಳಗೆ. ಅದರ ಪಕ್ಕದ್ದೂ ಇಳಿಯಿತು. ರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ನನ್ನ ಹರಿದ ಪಂಚೆ ನೋಡಿ ನಗುತ್ತಿದ್ದರು. ಅಲ್ಲಿಂದ ಶುರುವಾದ ನಗು ಒಬ್ಬರಿಂದೊಬ್ಬರಿಗೆ ಹತ್ತಿ, ನಿಲ್ಲಿಸಲು ಆಗದೆ ಹೊಟ್ಟೆ ಹಿಡಿದುಕೊಂಡೆವು.

ಗೂಬೆಯ ವಿಷಯದಲ್ಲಿ ಅಕ್ಕಯ್ಯಮ್ಮ ತೀರ್ಪು ಕೊಟ್ಟರು. "ಗೂಬೆ ಕೆಟ್ಟದ್ದಲ್ಲ ಬಿಡಪ್ಪ. ಆದ್ರೆ ಗೂಬೆ ಎಲ್ಲಿರ್ಬೇಕೋ ಅಲ್ಲೇ ಇರ್ಬೇಕು. ಹೊರಗೆ." ಕಂಪ್ಯೂಟರು ಹಳೇ ಮನೆಯ ಜಗಲಿಯ ಕೋಣೆಗೆ ಹೋಯಿತು. ಧೂಳಿಗೆ ಹಳೇ ಸೀರೆಯ ಹೊದಿಕೆ ಹೊಲಿದರು. ಅಂಗಡಿಗೆ ಮರಳಿ ಪದ್ಮನಾಭಯ್ಯನವರಿಗೆ ನಡೆದದ್ದೆಲ್ಲ ಹೇಳಿದೆ. ಅವರು 'ಧೂಳೇ ಶತ್ರು' ಹಾಳೆಯನ್ನು ತೆಗೆದುಕೊಂಡು ಅಡಿಯಲ್ಲಿ ಪೆನ್ನಿನಿಂದ ಬರೆದರು: 'ಆದರೆ ಕಿಟಕಿ ಮುಚ್ಚಬೇಡಿ.'

ಮಕ್ಕಳೇ, ಈಗ ನೀವು ಕೂತಲ್ಲಿಂದಲೇ ಇನ್ನೊಬ್ಬರ ಪರದೆಯೊಳಗೆ ಇಳಿದು ರಿಪೇರಿ ಮಾಡುತ್ತೀರಿ. ಒಳ್ಳೆಯದೇ, ಬಸ್ಸಿನ ಕಷ್ಟವಿಲ್ಲ. ಆದರೂ ಫೋನಿನಲ್ಲಿ ಗಿರಾಕಿ ಸಿಕ್ಕಾಗ, ಆ ಕಂಪ್ಯೂಟರು ಯಾವ ಕೋಣೆಯಲ್ಲಿದೆ, ಪಕ್ಕದಲ್ಲಿ ಏನಿದೆ ಅಂತ ಒಂದು ಮಾತು ಕೇಳಿ ನೋಡಿ. ಅರ್ಧ ಕಾಯಿಲೆ ಅಲ್ಲೇ ಸಿಗುತ್ತದೆ.

ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದರು. ಕೊಳ್ಳುವವರು ಹಿಡಿಯಲ್ಲಿ ತುಂಬಿಕೊಂಡು, ಒತ್ತಿ ನೋಡಿ, ಮರುಮಾತಿಲ್ಲದೆ ಕೊಂಡರಂತೆ. ಬೆಳೆಗೂ ಬೆಳೆಗೂ ನಡುವೆ ಹುಳು ಮನೆ ತೊಳೆದು ಖಾಲಿ ಬಿಡುವ ದಿನಗಳಿರುತ್ತವೆ. ಆ ದಿನಗಳಲ್ಲಿ ರತ್ನಮ್ಮ ಬೆಳಗಿನ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಬಂದು, ಸರಸ್ವತಿ ಮೇಡಂ ಹತ್ತಿರ ಟೈಪಿಂಗ್ ಕಲಿತರು. ಪಾಠ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು, ಬಿಚ್ಚಿಟ್ಟ ಡಬ್ಬಗಳನ್ನು ತೋರಿಸಿ ಇದ್ಯಾಕೆ, ಅದ್ಯಾಕೆ ಅಂತ ಕೇಳುತ್ತಿದ್ದರು.

ಮುಂದಿನ ವರ್ಷ ಕೆಂಚಾರ್ಲಹಳ್ಳಿಯಿಂದ ಅಂಗಡಿಗೆ ಫೋನು ಬಂತು. ಅಕ್ಕಯ್ಯಮ್ಮನವರ ಮಗಳ ಮನೆಯವರು; ಅವರೂ ನಮ್ಮಲ್ಲೇ ಗೂಬೆ ಕೊಂಡಿದ್ದರು, ಈಗ ಅದು ಓಡುತ್ತಿಲ್ಲ ಅಂದರು. ನಾನು ಚೀಲ ಹೆಗಲಿಗೆ ಹಾಕಿ ಮೆಟ್ಟಿಲಿಳಿದು ಬೀದಿಗೆ ಬಂದಿದ್ದೆ. ಸರಸ್ವತಿ ಮೇಡಂ ಮಹಡಿಯ ಕಿಟಕಿಯಿಂದ ಕೂಗಿ, ಹೋಗೋದು ಬೇಡ, ಮತ್ತೆ ಫೋನು ಬಂದಿತ್ತು ಅಂದರು. ಸೀಮಂತಕ್ಕೆ ಅಂತ ಬಂದಿದ್ದ ಜಂಗಮಕೋಟೆ ರತ್ನಮ್ಮ ಅದನ್ನು ಬಿಚ್ಚಿ, ಸರಿಮಾಡಿ, ಊಟಕ್ಕೆ ಕೂತಿದ್ದಾರಂತೆ.